ಕಾಮಿಕ್ಸ್‌ಗೆ ಇಬ್ಬರು: ಬರಹಗಾರರು ಮತ್ತು ಚಿತ್ರಕಾರರು ಜೊತೆಯಾಗಿ ಕೆಲಸ ಮಾಡುವುದು ಹೇಗೆ

ಮಲೆನಾಡಿನಲ್ಲಿ ಕಥೆ ಬರೆಯುವವರಿಗೆ ಬರ ಇಲ್ಲ. ಚಿತ್ರ ಬರೆಯುವವರಿಗೂ ಇಲ್ಲ. ಆದರೂ ಇಬ್ಬರೂ ಕೂತು ಮುಗಿಸಿದ ಕಾಮಿಕ್ಸ್ ಪುಸ್ತಕ ಕೈಗೆ ಸಿಗುವುದು ಅಪರೂಪ. ಶುರುವಾದದ್ದು ಜಾಸ್ತಿ, ಮುಗಿದದ್ದು ಕಮ್ಮಿ. ನಾನು ನೋಡಿದ ಮಟ್ಟಿಗೆ ಇವು ನಿಂತುಹೋಗುವುದು ಎರಡು ಕಡೆ. ಒಂದು, ಬರಹಗಾರರು ಕಾದಂಬರಿ ಬರೆದ ಹಾಗೆ ಸ್ಕ್ರಿಪ್ಟ್ ಬರೆದಾಗ. ಇನ್ನೊಂದು, ಯಾರಿಗೆ ಏನು ಸೇರುತ್ತದೆ ಅಂತ ಮೊದಲೇ ಮಾತಾಡದೆ ಇದ್ದಾಗ.

ಈ ಮಾರ್ಗದರ್ಶಿ ಹೆಚ್ಚಾಗಿ ಬರೆಯುವವರ ಕಡೆಯಿಂದ ಇದೆ. ಯಾಕೆಂದರೆ ಸ್ಕ್ರಿಪ್ಟಿನಲ್ಲಿ ಎಡವಟ್ಟಾದರೆ ಅದರ ಕಷ್ಟ ಬೀಳುವುದು ಚಿತ್ರ ಬರೆಯುವವರ ಮೇಲೆ. ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ: ಸ್ಕ್ರಿಪ್ಟನ್ನು ಓದುವವರು ಒಬ್ಬರೇ, ನಿಮ್ಮ ಚಿತ್ರಕಾರರು. ಪುಸ್ತಕದ ಓದುಗರು ಅದನ್ನು ಯಾವತ್ತೂ ನೋಡುವುದಿಲ್ಲ.

ಹೆಜ್ಜೆ 1: ಜೊತೆಗಾರರನ್ನು ಹುಡುಕುವುದು

ಶಿವಮೊಗ್ಗದಲ್ಲಿ ಕಾಮಿಕ್ಸ್ ಚಿತ್ರಕಾರರು ಅಂತ ಬೋರ್ಡು ಹಾಕಿಕೊಂಡವರು ಸಿಗುವುದಿಲ್ಲ. ಆದರೆ ಗೆರೆಯ ಮೇಲೆ ಹಿಡಿತ ಇರುವವರು ಬೇಕಾದಷ್ಟು ಜನ ಇದ್ದಾರೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಹುಡುಗರು, ಗಣಪತಿ ಮಾಡುವವರು, ನಾಟಕಕ್ಕೆ ಪರದೆ ಬರೆಯುವವರು. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಯನ್ನು ಸ್ಕೇಲ್ ಇಲ್ಲದೆ ನೇರವಾಗಿ ಎಳೆಯುವ ಕೈ ಅವರದು. ಹೆಗ್ಗೋಡಿನ ನೀನಾಸಂ ನಾಟಕಗಳಿಗೆ ಹೋದರೆ ನಟರ ಜೊತೆಗೆ ರಂಗಸಜ್ಜಿಕೆ ಮಾಡಿದವರನ್ನೂ ಮಾತಾಡಿಸಿ. ಒಂದು ಜಾಗದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಾಮಿಕ್ಸ್‌ನಲ್ಲಿ ಅರ್ಧ ಕೆಲಸ ಅದೇ.

ಬಿಡಿಚಿತ್ರ ಚೆಂದ ಇದೆ ಅಂತ ಮಾತ್ರ ಆರಿಸಬೇಡಿ. ಫೋಟೋದ ಹಾಗೆ ಭಾವಚಿತ್ರ ಬರೆಯುವವರು ಅದೇ ಮುಖವನ್ನು ಹಿಂದಿನಿಂದ, ಮೇಲಿನಿಂದ, ಓಡುತ್ತಿರುವಾಗ ಬರೆಯಬಲ್ಲರೇ? ಮೂರು ಚಿತ್ರ ಕೇಳಿ. ಒಬ್ಬರೇ ವ್ಯಕ್ತಿ ಮೂರು ಕೋನದಿಂದ. ಬಸ್ ಸ್ಟ್ಯಾಂಡಿನಂಥ ಒಂದು ಗಿಜಿಗಿಜಿ ಜಾಗ. ಕೊನೆಗೆ, ಜಗಲಿಯಲ್ಲಿ ಇಬ್ಬರು ಸುಮ್ನೆ ಕೂತು ಮಾತಾಡುವುದು. ಮೂರನೆಯದೇ ಕಷ್ಟ. ಹೊಡೆದಾಟ ಬರೆಯುವುದು ಸುಲಭ, ಕೂತು ಮಾತಾಡುವವರ ಚಿತ್ರ ಬೇಜಾರಾಗದ ಹಾಗೆ ಬರೆಯುವುದು ಸುಲಭ ಅಲ್ಲ. ಹೀಗೆ ಬರೆಸಿಕೊಂಡ ಚಿತ್ರಕ್ಕೆ ದುಡ್ಡು ಕೊಡಿ. ಚಿಕ್ಕ ಮೊತ್ತ ಆದರೂ ಪರವಾಗಿಲ್ಲ. ಪುಕ್ಕಟೆ ಮಾಡಿಸಿಕೊಂಡು ಶುರುವಾದ ಜೊತೆ ಬಹಳ ದಿನ ಬಾಳುವುದಿಲ್ಲ.

ನೀವು ಚಿತ್ರಕಾರರಾಗಿದ್ದು ಬರಹಗಾರರನ್ನು ಹುಡುಕುತ್ತಿದ್ದರೆ ಕಥೆ ಕೇಳಬೇಡಿ, ಒಂದು ಪುಟದ ಸ್ಕ್ರಿಪ್ಟ್ ಕೇಳಿ. ಮಾತಿಲ್ಲದ ಚೌಕ (ಪುಟದೊಳಗಿನ ಒಂದೊಂದು ಚಿತ್ರದ ಕಟ್ಟು, ಪ್ಯಾನೆಲ್) ಒಂದಾದರೂ ಇದೆಯಾ ನೋಡಿ. ಎಲ್ಲಾ ಚೌಕದಲ್ಲೂ ಮಾತು ತುಂಬಿದ್ದರೆ ಆ ಬರಹಗಾರರಿಗೆ ನಿಮ್ಮ ಚಿತ್ರದ ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಅಂತ ಅರ್ಥ.

ಹೆಜ್ಜೆ 2: ಎಂಟು ಪುಟಕ್ಕೆ ಒಪ್ಪಿಕೊಳ್ಳಿ

ಕೆಳದಿ ಚೆನ್ನಮ್ಮನ ಮೇಲೆ ಇನ್ನೂರು ಪುಟದ ಪುಸ್ತಕ ಮಾಡುವ ಆಸೆ ಇರಬಹುದು. ಇರಲಿ, ಅದನ್ನು ಆಮೇಲೆ ಮಾಡಿ. ಮೊದಲು ಎಂಟು ಪುಟದ ಒಂದು ಕಥೆ ಮುಗಿಸಿ. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ ಎಂಟು ಪುಟ ಅಚ್ಚಿಗೂ ಸರಿಹೊಂದುತ್ತದೆ.

ಇನ್ನೊಂದು ಲೆಕ್ಕವೂ ಇದೆ. ನೀವು ಒಂದು ಬೆಳಿಗ್ಗೆ ಕೂತು ಬರೆದ ಪುಟವನ್ನು ಪೆನ್ಸಿಲ್, ಇಂಕು ಎರಡೂ ಸೇರಿ ಮುಗಿಸಲು ಚಿತ್ರಕಾರರಿಗೆ ಒಂದೆರಡು ದಿನ ಬೇಕು. ‘ಮಾರಿಕಾಂಬಾ ಜಾತ್ರೆ, ಸಾವಿರಾರು ಜನ’ ಅಂತ ಬರೆಯಲು ನಿಮಗೆ ಐದು ಸೆಕೆಂಡು ಸಾಕು. ಆ ಸಾವಿರ ತಲೆಗಳನ್ನು ಬರೆಯಬೇಕಾದವರು ಬೇರೆ ಅಲ್ವಾ? ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ನಿಮ್ಮ ಪುಸ್ತಕದಲ್ಲೂ ಅಂಥ ಚೌಕ ಅಷ್ಟೇ ಅಪರೂಪಕ್ಕೆ ಬರಲಿ.

ಗಡುವು ಹಾಕುವಾಗ ಊರಿನ ಕ್ಯಾಲೆಂಡರ್ ನೋಡಿ. ತೋಟ ಇರುವ ಮನೆಯವರಿಗೆ ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಪೆನ್ಸಿಲ್ ಮುಟ್ಟಲು ಪುರುಸೊತ್ತಿರುವುದಿಲ್ಲ. ಗಣಪತಿ ಮಾಡುವವರನ್ನು ಚೌತಿಗೆ ಮುಂಚೆ ಕೇಳುವುದೇ ತಪ್ಪು. ಹೊಸನಗರ, ತೀರ್ಥಹಳ್ಳಿಯ ಒಳಗಿನ ಊರುಗಳಲ್ಲಿ ಮಳೆಗಾಲ ಪೂರ್ತಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ.

ಹೆಜ್ಜೆ 3: ದುಡ್ಡು, ಹೆಸರು, ಹಕ್ಕು ಕಾಗದದ ಮೇಲೆ

‘ನಾವು ಫ್ರೆಂಡ್ಸ್, ನಮಗೆ ಅಗ್ರಿಮೆಂಟ್ ಎಂಥದ್ದು?’ ಅನ್ನುವ ಮಾತು ಇಲ್ಲೇ ಬರುತ್ತದೆ. ಫ್ರೆಂಡ್ಸ್ ಆಗಿಯೇ ಉಳಿಯಬೇಕು ಅಂತಿದ್ದರೆ ಬರೆದುಕೊಳ್ಳಿ.

ಕಾಮಿಕ್ಸ್ ಚರಿತ್ರೆಯಲ್ಲಿ ಈ ಜಗಳಕ್ಕೆ ಉದಾಹರಣೆ ಬೇಕಾದಷ್ಟಿವೆ. ಬರಹಗಾರ ಜೆರ್ರಿ ಸೀಗಲ್, ಚಿತ್ರಕಾರ ಜೋ ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು ಬರೇ 130 ಡಾಲರಿಗೆ ಮಾರಿದರು. ಆಮೇಲೆ ಜೀವನದ ಬಹುಭಾಗ ಅದಕ್ಕಾಗಿ ಹೋರಾಡಿದರು. ಬ್ಯಾಟ್‌ಮ್ಯಾನ್ ಕಥೆ ಇನ್ನೂ ಕಹಿ. 1939ರಲ್ಲಿ ಆ ಪಾತ್ರ ಬಂದಾಗ ಅದರ ವೇಷ, ಸ್ವಭಾವ, ಕಥೆ ಎಲ್ಲದರಲ್ಲೂ ಬರಹಗಾರ ಬಿಲ್ ಫಿಂಗರ್ ಪಾಲು ಇತ್ತು. ಆದರೆ ಸೃಷ್ಟಿಕರ್ತ ಅಂತ ಅಚ್ಚಾದದ್ದು ಚಿತ್ರಕಾರ ಬಾಬ್ ಕೇನ್ ಹೆಸರು ಮಾತ್ರ. ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರನ್ನೂ ಸೇರಿಸಲು ಪ್ರಕಾಶನ ಕಂಪನಿ ಒಪ್ಪಿದ್ದು 2015ರಲ್ಲಿ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 1957ರ ಹಕ್ಕುಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ನೀವು ಬರೆದ ಮಾತು ಸಾಹಿತ್ಯ ಕೃತಿ, ಅವರು ಬರೆದ ಚಿತ್ರ ಕಲಾಕೃತಿ. ಬೇರೆ ಒಪ್ಪಂದ ಏನೂ ಇಲ್ಲದಿದ್ದರೆ, ಸಾಮಾನ್ಯವಾಗಿ ಬರೆದವರೇ ಮೊದಲ ಹಕ್ಕುದಾರರು. ಅಂದರೆ ಕಥೆ ನಿಮ್ಮದು, ಚಿತ್ರ ಅವರದು. ಒಬ್ಬರಿಲ್ಲದೆ ಇನ್ನೊಬ್ಬರು ಆ ಪುಸ್ತಕವನ್ನು ಮಾರುವ ಹಾಗಿಲ್ಲ. ಹಕ್ಕು ಬರೆದುಕೊಡುವುದಾದರೆ ಅದು ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಬಾಯಿಮಾತು ಸಾಲದು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ತಿಳಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಮಾರಿದ ಮೇಲೂ ‘ಇದನ್ನು ಮಾಡಿದ್ದು ನಾನು’ ಅಂತ ಹೇಳಿಕೊಳ್ಳುವ ಅಧಿಕಾರ ಬರೆದವರಿಗೆ ಇದ್ದೇ ಇರುತ್ತದೆ. ನೋಂದಣಿ ಕಡ್ಡಾಯ ಅಲ್ಲ.

ಒಂದೇ ಹಾಳೆ ಸಾಕು. ಅದರಲ್ಲಿ ಇಷ್ಟಾದರೂ ಇರಲಿ:

ಪುಟಕ್ಕೆ ಎಷ್ಟು ದುಡ್ಡು, ಯಾವ ಹಂತದಲ್ಲಿ ಎಷ್ಟು. ಮುಂಗಡ ಇಲ್ಲದಿದ್ದರೆ ಬಂದ ದುಡ್ಡಿನಲ್ಲಿ ಯಾರಿಗೆ ಎಷ್ಟು ಪಾಲು, ಅಚ್ಚಿನ ಖರ್ಚು ಕಳೆದ ಮೇಲೋ ಮೊದಲೋ.
ಮುಖಪುಟದ ಮೇಲೆ ಯಾರ ಹೆಸರು ಹೇಗೆ ಬರುತ್ತದೆ. ನನ್ನ ಕೇಳಿದರೆ, ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿ, ಒಂದೇ ಸಾಲಿನಲ್ಲಿ ಬರಬೇಕು.
ಪಾತ್ರಗಳು ಯಾರ ಸೊತ್ತು. ಒಬ್ಬರು ಬಿಟ್ಟರೆ ಇನ್ನೊಬ್ಬರು ಬೇರೆಯವರ ಜೊತೆ ಮುಂದುವರಿಸಬಹುದಾ?
ಟೀ ಶರ್ಟು, ಅನಿಮೇಶನ್, ಸಿನಿಮಾ ಅಂತ ಯಾರಾದರೂ ಬಂದರೆ ಏನು ಮಾಡುವುದು.
ಕಾಗದದ ಮೇಲಿನ ಮೂಲ ಚಿತ್ರಗಳು ಚಿತ್ರಕಾರರ ಬಳಿಯೇ ಉಳಿಯುತ್ತವೆ.
ಯಾವ ಹಂತದಲ್ಲಿ ಎಷ್ಟು ಸಲ ತಿದ್ದಿಸಬಹುದು.

ಕೊನೆಯ ಸಾಲನ್ನು ಬಹಳ ಜನ ಮರೆಯುತ್ತಾರೆ. ಇಂಕು ಹಾಕಿದ ಮೇಲೆ ‘ಅಜ್ಜಿ ಆ ಕಡೆ ನೋಡಿದ್ದರೆ ಚೆನ್ನಾಗಿತ್ತು’ ಅಂದರೆ ಒಂದು ದಿನದ ಕೆಲಸ ನೀರುಪಾಲು. ಹಾಗಾಗಿ ಥಂಬ್‌ನೇಲ್ (ಪುಟದ ಚಿಕ್ಕ ಕಚ್ಚಾ ಗೀಚು) ಹಂತದಲ್ಲಿ ಎಷ್ಟು ಬೇಕಾದರೂ ಬದಲಾಯಿಸಿ. ಪೆನ್ಸಿಲ್ ಹಂತದಲ್ಲಿ ಒಂದು ಸಲ. ಇಂಕಿನ ನಂತರ ಬದಲಾವಣೆ ಬೇಕಾದರೆ ಬೇರೆ ದುಡ್ಡು.

ಹೆಜ್ಜೆ 4: ಯಾವ ರೀತಿ ಕೆಲಸ ಮಾಡುತ್ತೀರಿ?

ಎರಡು ಮುಖ್ಯ ದಾರಿಗಳಿವೆ. ಒಂದು ಪೂರ್ತಿ ಸ್ಕ್ರಿಪ್ಟ್. ಪುಟ, ಚೌಕ, ಮಾತು ಎಲ್ಲವನ್ನೂ ಬರಹಗಾರರೇ ಬರೆದು ಕೊಡುತ್ತಾರೆ. ಫ್ರೆಂಚ್ ಕಾಮಿಕ್ಸ್ ಆಸ್ಟೆರಿಕ್ಸ್‌ಗೆ ಬರಹಗಾರ ಗೊಸಿನಿ ಹೀಗೆ ಚೌಕ ಚೌಕವಾಗಿ ಟೈಪ್ ಮಾಡಿ ಚಿತ್ರಕಾರ ಉಡೆರ್ಜೊಗೆ ಕೊಡುತ್ತಿದ್ದರು. ಇಂಗ್ಲಿಷ್ ಕಾಮಿಕ್ಸ್ ಬರಹಗಾರ ಅಲನ್ ಮೂರ್ ಒಂದೊಂದು ಚೌಕಕ್ಕೂ ಉದ್ದುದ್ದ ವಿವರಣೆ ಬರೆಯುವುದಕ್ಕೆ ಹೆಸರಾದವರು.

ಇನ್ನೊಂದು ದಾರಿಯಲ್ಲಿ ಬರಹಗಾರರು ಕಥೆಯ ಸಾರ ಮಾತ್ರ ಹೇಳುತ್ತಾರೆ. ಚಿತ್ರಕಾರರು ಅದನ್ನು ಪುಟಗಳಿಗೆ ಹಂಚಿ ಬರೆಯುತ್ತಾರೆ. ಮಾತು ಆಮೇಲೆ ಬರುತ್ತದೆ. 1960ರ ದಶಕದಲ್ಲಿ ಮಾರ್ವೆಲ್ ಕಂಪನಿಯಲ್ಲಿ ಬರಹಗಾರ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಹೀಗೆ ಕೆಲಸ ಮಾಡಿದರು. ನಮಗೆ ಇದೇನೂ ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತರು ಪ್ರಸಂಗದ ಪದ ಹೇಳುತ್ತಾರೆ, ಅದಕ್ಕೆ ಅರ್ಥ ಹೇಳುವವರು ವೇಷಧಾರಿ. ಕಥೆ ಎಲ್ಲಿಗೆ ಹೋಗಬೇಕು ಅನ್ನುವುದು ಇಬ್ಬರಿಗೂ ಗೊತ್ತು. ಹೇಗೆ ಹೋಗುತ್ತದೆ ಅನ್ನುವುದು ರಂಗಸ್ಥಳದಲ್ಲಿ ತೀರ್ಮಾನ ಆಗುತ್ತದೆ.

ಈ ದಾರಿಯಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಪ್ರಸಿದ್ಧ ಪ್ರಸಂಗ ಇದೆ. ಆ ದಶಕದ ಮಧ್ಯದಲ್ಲಿ ಫೆಂಟಾಸ್ಟಿಕ್ ಫೋರ್ ಸರಣಿಗೆ ಗ್ಯಾಲಾಕ್ಟಸ್ ಅನ್ನುವ, ಗ್ರಹಗಳನ್ನೇ ನುಂಗುವ ಪಾತ್ರದ ಕಥೆ ಮಾಡಬೇಕು ಅಂತ ಇಬ್ಬರೂ ಮಾತಾಡಿಕೊಂಡರು. ಕರ್ಬಿ ಪುಟ ತಂದು ಕೊಟ್ಟಾಗ ಅದರಲ್ಲಿ ಬೆಳ್ಳಿ ಮೈಯ ಒಬ್ಬ ಹಲಗೆಯ ಮೇಲೆ ನಿಂತು ಆಕಾಶದಲ್ಲಿ ಹಾರುತ್ತಿದ್ದ. ಅವನ ಬಗ್ಗೆ ಮಾತೇ ಆಗಿರಲಿಲ್ಲ. ಅಷ್ಟು ದೊಡ್ಡವನಿಗೆ ಮುಂದೆ ಹೋಗಿ ದಾರಿ ನೋಡುವ ದೂತ ಬೇಕು ಅಂತ ಕರ್ಬಿಗೆ ಅನ್ನಿಸಿತ್ತು, ಬರೆದುಬಿಟ್ಟಿದ್ದರು. ಸಿಲ್ವರ್ ಸರ್ಫರ್ ಹುಟ್ಟಿದ್ದು ಹಾಗೆ. ಅದರ ಜೊತೆಗೆ ‘ಹಾಗಾದರೆ ಕಥೆ ಬರೆದವರು ಯಾರು?’ ಅನ್ನುವ ಜಗಳವೂ ಹುಟ್ಟಿತು. ಅದು ಕರ್ಬಿ ತೀರಿಕೊಂಡ ಮೇಲೂ ಮುಂದುವರಿದು, ಅವರ ಮಕ್ಕಳು ಮತ್ತು ಕಂಪನಿ ನಡುವೆ ರಾಜಿ ಆದದ್ದು 2014ರಲ್ಲಿ.

ಹೊಸ ಜೋಡಿ ಆಗಿದ್ದರೆ ಪೂರ್ತಿ ಸ್ಕ್ರಿಪ್ಟಿನಿಂದ ಶುರುಮಾಡಿ. ಒಬ್ಬರ ಕೈಗುಣ ಇನ್ನೊಬ್ಬರಿಗೆ ತಿಳಿದ ಮೇಲೆ ಹೊಡೆದಾಟ, ಓಟ, ಪ್ರಯಾಣದಂಥ ಪುಟಗಳನ್ನು ಸಾರ ಮಾತ್ರ ಹೇಳಿ ಬಿಟ್ಟುಕೊಡಿ. ಹಾಗೆ ಬಿಟ್ಟುಕೊಟ್ಟ ಕಡೆ ‘ಕಥೆ: ಇಬ್ಬರೂ’ ಅಂತ ಹೆಸರು ಹಾಕಿ.

ಹೆಜ್ಜೆ 5: ಸ್ಕ್ರಿಪ್ಟ್ ಬರೆಯುವುದು

ಇಲ್ಲಿಂದ ಮುಂದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶರಾವತಿ ಹಿನ್ನೀರು. 2010ನೇ ಇಸವಿ. ಒಬ್ಬ ಅಜ್ಜಿ, ಮೊಮ್ಮಗಳು ಹೊಳೆಬಾಗಿಲಿನ ಲಾಂಚಿನಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರು ಅಜ್ಜಿಯದು.

ಮೂರನೇ ಪುಟದ ಸ್ಕ್ರಿಪ್ಟ್ ಹೀಗಿರಬಹುದು:

ಪುಟ 3, ನಾಲ್ಕು ಚೌಕ

ಚೌಕ 1 (ಪುಟದಗಲ): ದೂರದಿಂದ. ಲಾಂಚು ದಡ ಬಿಟ್ಟಿದೆ. ಮೇಲೆ ಒಂದು ಬಸ್ಸು, ಎರಡು ಬೈಕು, ಒಂದಿಷ್ಟು ಜನ. ಸುತ್ತ ನೀರು, ಗುಡ್ಡ. ಮಾತಿಲ್ಲ.

ಚೌಕ 2: ಲಾಂಚಿನ ಕಂಬಿಯ ಹತ್ತಿರ ಇಬ್ಬರೂ. ಅಜ್ಜಿ ನೀರನ್ನೇ ನೋಡುತ್ತಿದ್ದಾಳೆ.
ಮೊಮ್ಮಗಳು: ಎಂತ ನೋಡ್ತಿದೀಯ ಅಜ್ಜಿ?
ಅಜ್ಜಿ: ಮನೆ.

ಚೌಕ 3: ಮೊಮ್ಮಗಳ ಮುಖ, ಹತ್ತಿರದಿಂದ. ಅವಳಿಗೆ ಅರ್ಥ ಆಗಿಲ್ಲ.
ಮೊಮ್ಮಗಳು: ಎಲ್ಲಿ? ಬರೀ ನೀರು.

ಚೌಕ 4: ಕಂಬಿಯ ಆಚೆ ಚಾಚಿದ ಅಜ್ಜಿಯ ಕೈ. ಬೆರಳು ಕೆಳಗೆ ತೋರಿಸುತ್ತಿದೆ. ಮಾತಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಕೆಲವಿವೆ. ಒಂದು ಚೌಕಕ್ಕೆ ಒಂದೇ ಕ್ರಿಯೆ. ‘ಅಜ್ಜಿ ಎದ್ದು, ತಿರುಗಿ, ಮೊಮ್ಮಗಳ ಕೈ ಹಿಡಿದು ಅಳುತ್ತಾ ನೀರು ತೋರಿಸುತ್ತಾಳೆ’ ಅಂತ ಬರೆದರೆ ಅದು ನಾಲ್ಕು ಚೌಕದ ಕೆಲಸ. ಚಿತ್ರ ಓಡುವುದಿಲ್ಲ, ನಿಂತಿರುತ್ತದೆ. ಯಾವ ಕ್ಷಣ ನಿಲ್ಲಬೇಕು ಅಂತ ಆರಿಸುವುದೇ ನಿಮ್ಮ ಕೆಲಸ.

ಚಿತ್ರದಲ್ಲಿ ಕಾಣದ್ದನ್ನು ಬರೆಯಬೇಡಿ. ‘ಅಜ್ಜಿಗೆ ಹಳೆಯ ದಿನಗಳೆಲ್ಲ ನೆನಪಾಗುತ್ತವೆ’ ಅನ್ನುವುದನ್ನು ಬರೆಯುವುದು ಹೇಗೆ? ಅವಳ ಕಣ್ಣು ಎಲ್ಲಿದೆ, ಕೈ ಏನು ಮಾಡುತ್ತಿದೆ ಅಂತ ಹೇಳಿ. ಅವಳ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಹೇಳಲೇಬೇಕಿದ್ದರೆ ಚಿತ್ರಕಾರರಿಗೆ ಪತ್ರ ಬರೆದ ಹಾಗೆ ಬೇರೆ ಟಿಪ್ಪಣಿ ಬರೆಯಿರಿ. ಅದರಿಂದ ಲಾಭ ಉಂಟು. ಗೆರೆಯಲ್ಲಿ ಅದು ಎಲ್ಲೋ ಬಂದೇ ಬರುತ್ತದೆ.

ಪುಟ ತಿರುಗುವುದನ್ನು ಬಳಸಿಕೊಳ್ಳಿ. ಒಂದು, ಮೂರು, ಐದನೇ ಪುಟಗಳು ಬಲಗಡೆ ಬರುತ್ತವೆ. ಎರಡು, ನಾಲ್ಕು, ಆರು ಕಾಣುವುದು ಹಾಳೆ ತಿರುಗಿಸಿದ ಮೇಲೆಯೇ. ಅದಕ್ಕೇ ಮೂರನೇ ಪುಟ ಅಜ್ಜಿಯ ಬೆರಳಿನಲ್ಲಿ ನಿಲ್ಲುತ್ತದೆ. ತಿರುಗಿಸಿದರೆ ನಾಲ್ಕನೇ ಪುಟ ತುಂಬಾ ನೀರಿನೊಳಗಿನ ಮನೆ. ಇದೇ ಜೋಡಿ ನಾಲ್ಕು, ಐದನೇ ಪುಟಕ್ಕೆ ಬಂದಿದ್ದರೆ ಎದುರಿನ ಪುಟದಲ್ಲೇ ಕಂಡುಬಿಡುತ್ತಿತ್ತು.

ಮಾತಾಡುವ ಸರದಿ ಚಿತ್ರವನ್ನು ಕಟ್ಟಿಹಾಕುತ್ತದೆ. ಕನ್ನಡ ಓದುವುದು ಎಡದಿಂದ ಬಲಕ್ಕೆ. ಮೊದಲು ಮಾತಾಡುವವರು ಎಡಗಡೆ ಇರಬೇಕು, ಇಲ್ಲದಿದ್ದರೆ ಬಲೂನಿನ (ಮಾತು ಬರೆಯುವ ಗುಳ್ಳೆಯ) ಬಾಲಗಳು ಒಂದನ್ನೊಂದು ದಾಟುತ್ತವೆ. ಇಲ್ಲಿ ಮೊಮ್ಮಗಳು ಮೊದಲು ಕೇಳುತ್ತಾಳೆ, ಹಾಗಾಗಿ ಅವಳು ಎಡಕ್ಕೆ. ಒಂದೇ ಚೌಕದಲ್ಲಿ ನಾಲ್ಕು ಸಲ ಮಾತು ಹಿಂದೆ ಮುಂದೆ ಆದರೆ ಎಂಥ ಚಿತ್ರಕಾರರೂ ಕೈಚೆಲ್ಲುತ್ತಾರೆ.

ಪುಟಕ್ಕೆ ಐದಾರು ಚೌಕ ಮೀರದಿರಲಿ. ಒಂದು ಬಲೂನಿಗೆ ಹದಿನೈದು ಪದ ನನ್ನ ಮಿತಿ. ಕನ್ನಡ ಪದಗಳು ಉದ್ದ, ಅದಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ಹೆಜ್ಜೆ 6: ನೋಡಿ ಬರೆಯಲು ಸಾಮಗ್ರಿ ಕೊಡಿ

‘ಮಲೆನಾಡಿನ ಮನೆ’ ಅಂತ ಬರೆದು ಕೈತೊಳೆದುಕೊಂಡರೆ ಚಿತ್ರಕಾರರು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಹೋಂಸ್ಟೇ ಬರೆಯುತ್ತಾರೆ. ಯಾವ ಕಾಲದ ಮನೆ? ಸೋಗೆ ಹೊದಿಸಿದ್ದಾ, ನಾಡಹೆಂಚಾ, ಮಂಗಳೂರು ಹೆಂಚಾ? ಜಗಲಿ ಎಷ್ಟು ಎತ್ತರ? ಕೊನೆ ತೆಗೆಯುವ ದೋಟಿ ಎಲ್ಲಿ ಒರಗಿಸುತ್ತಾರೆ? ಫೋಟೋ ತೆಗೆದು ಕೊಡಿ. ಸಾಧ್ಯವಾದರೆ ಇಬ್ಬರೂ ಹೋಗಿ ನೋಡಿ.

ವರ್ಷ ಬರೆದಿಡುವುದು ಬಹಳ ಮುಖ್ಯ. ನಮ್ಮ ಕಥೆ 2010ರದ್ದು, ಹಾಗಾಗಿ ಲಾಂಚು ಇದೆ. ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯಲ್ಲಿ. ಈಗ ಹೋಗಿ ಫೋಟೋ ತೆಗೆದರೆ ಸೇತುವೆ ಬಂದೇ ಬರುತ್ತದೆ. ಚಿತ್ರದಲ್ಲಿ ಅದನ್ನು ಬಿಡಬೇಕು ಅಂತ ಹೇಳುವವರು ನೀವೇ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಜ್ಜಿಗೆ ಇಪ್ಪತ್ತು ಅಂದರೂ 2010ಕ್ಕೆ ಅರವತ್ತಾರು. ಬೆನ್ನು ಬಾಗಿದ ತೊಂಬತ್ತರ ಮುದುಕಿಯನ್ನು ಬರೆಯಬಾರದು. ತಿಂಗಳು ಯಾವುದು? ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ನೀರಿನಡಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ನೀರು ಗುಡ್ಡದ ಬುಡಕ್ಕೆ ಬಂದಿರುತ್ತದೆ. ದಡದ ಕೆಂಪು ಪಟ್ಟಿ ಎಷ್ಟು ಅಗಲ ಅನ್ನುವುದು ತಿಂಗಳಿನ ಮೇಲೆ ಹೋಗುತ್ತದೆ.

ಹೆಜ್ಜೆ 7: ಥಂಬ್‌ನೇಲ್ ಹಿಡಿದು ಎದುರುಬದುರು ಕೂರುವುದು

ಇಡೀ ಕೆಲಸದಲ್ಲಿ ಒಂದೇ ಒಂದು ಸಲ ಭೇಟಿಯಾಗಲು ಸಾಧ್ಯ ಅಂತಿದ್ದರೆ ಈಗ ಆಗಿ. ಥಂಬ್‌ನೇಲ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿ ಗೀಚಿದ ಪುಟ. ಜನ ಬರೀ ಕಡ್ಡಿ ಗೊಂಬೆಗಳು. ಎಂಟೂ ಪುಟ ಒಂದೇ ಹಾಳೆಯಲ್ಲಿ ಕಾಣಬೇಕು. ಬಲೂನು ಎಲ್ಲಿ ಕೂರುತ್ತದೆ ಅನ್ನುವುದನ್ನೂ ಈಗಲೇ ಗುರುತು ಮಾಡಬೇಕು.

ಮೊದಲು ಬರಹಗಾರರು ಬಾಯಿಮುಚ್ಚಿ ನೋಡಬೇಕು. ಮಾತಿಲ್ಲದೆ ಕಥೆ ಎಷ್ಟು ತಿಳಿಯುತ್ತದೆ? ಆಮೇಲೆ ಮಾತುಗಳನ್ನು ಗಟ್ಟಿಯಾಗಿ ಓದಿ. ಚಿತ್ರ ಆಗಲೇ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತಿದ್ದರೆ ಮಾತನ್ನು ಹೊಡೆದುಹಾಕಿ.

ನಮ್ಮ ಮೂರನೇ ಪುಟಕ್ಕೆ ಏನಾಗಬಹುದು ನೋಡಿ. ಚಿತ್ರಕಾರರು ಹೇಳಬಹುದು: ಮೂರನೇ ಚೌಕ ಬೇಡ. ಎರಡನೆಯದರಲ್ಲೇ ಮೊಮ್ಮಗಳ ಮುಖ ತೋರಿಸ್ತೇನೆ, ‘ಬರೀ ನೀರು’ ಅನ್ನುವ ಮಾತೂ ಬೇಡ, ಮೊದಲ ಚೌಕದಲ್ಲಿ ಬರೀ ನೀರೇ ಇದೆಯಲ್ಲ. ಅವರ ಮಾತು ಸರಿ. ಬರಹಗಾರರಿಗೆ ತಮ್ಮ ಸಾಲು ಹೋಗುವುದು ಉರಿಯುತ್ತದೆ. ಉರಿಯಲಿ.

ಇನ್ನೂ ಒಳ್ಳೆಯ ಪ್ರಶ್ನೆ ನಾಲ್ಕನೇ ಪುಟಕ್ಕೆ ಬರುತ್ತದೆ. ‘ನೀರಿನೊಳಗೆ ಇಡೀ ಮನೆ ಬರೀ ಅಂತೀರಿ. ಊರು ಬಿಡುವಾಗ ಹೆಂಚು, ಬಾಗಿಲು, ಕಂಬ ಬಿಟ್ಟು ಹೋಗ್ತಾರಾ? ಕಿತ್ತುಕೊಂಡು ಹೋಗಿರಲ್ವಾ?’ ಈ ಪ್ರಶ್ನೆಯ ಮುಂದೆ ನಿಮ್ಮ ಚೆಂದದ ಮನೆ ಬಿದ್ದುಹೋಗುತ್ತದೆ. ಉಳಿಯುವುದು ಕಲ್ಲಿನ ಅಡಿಪಾಯ, ಮೆಟ್ಟಿಲು, ತುಳಸಿಕಟ್ಟೆ. ಇದರ ಪಕ್ಕದಲ್ಲಿ ಮೊದಲಿನ ಕಲ್ಪನೆ ಸಿನಿಮಾ ಸೆಟ್ಟಿನ ಹಾಗೆ ಕಾಣುತ್ತದೆ. ಚಿತ್ರ ಬರೆಯುವವರು ಪ್ರತಿ ವಸ್ತುವನ್ನೂ ಕೈಯಾರೆ ಕಟ್ಟಬೇಕು, ಅದಕ್ಕೇ ಅವರಿಗೆ ಇಂಥ ಪ್ರಶ್ನೆ ಹೊಳೆಯುತ್ತದೆ. ಅವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರೆ ಕೆಲಸ ಬರೀ ಗುತ್ತಿಗೆ ಆಗಿದೆ ಅಂತ ತಿಳಿಯಿರಿ.

ಬದಲಾವಣೆ ಕೇಳುವಾಗ ತೊಂದರೆ ಹೇಳಿ, ಪರಿಹಾರ ಅವರಿಗೇ ಬಿಡಿ. ‘ಅಜ್ಜಿಯ ಮುಖ ದೊಡ್ಡದು ಮಾಡಿ’ ಅನ್ನಬೇಡಿ. ‘ಇಲ್ಲಿ ಕಣ್ಣು ಬಸ್ಸಿನ ಮೇಲೆ ಹೋಗುತ್ತಿದೆ, ಅಜ್ಜಿ ಕಾಣುತ್ತಿಲ್ಲ’ ಅನ್ನಿ. ಅವರು ಬಸ್ಸನ್ನೇ ಸರಿಸಬಹುದು. ನಿಮಗೆ ಹೊಳೆಯದ ನಾಲ್ಕು ದಾರಿ ಅವರಿಗೆ ಗೊತ್ತಿರುತ್ತದೆ.

ಹೆಜ್ಜೆ 8: ಪೆನ್ಸಿಲ್, ಇಂಕು, ಮಳೆ

ಈ ಹಂತದಲ್ಲಿ ಬರಹಗಾರರ ಕೆಲಸ ಕಮ್ಮಿ. ದಿನಾ ಫೋನ್ ಮಾಡಿ ‘ಎಲ್ಲಿಗೆ ಬಂತು?’ ಅಂತ ಕೇಳಬೇಡಿ. ಪೆನ್ಸಿಲ್ ಪುಟ ಬಂದಾಗ ಎರಡು ದಿನದೊಳಗೆ ಉತ್ತರ ಕೊಡಿ, ಚೆನ್ನಾಗಿರುವುದನ್ನೂ ಹೆಸರಿಟ್ಟು ಹೇಳಿ. ‘ಸೂಪರ್’ ಅಂದರೆ ಏನೂ ತಿಳಿಯುವುದಿಲ್ಲ. ‘ಕಂಬಿ ಹಿಡಿದ ಬೆರಳುಗಳು ಚೆನ್ನಾಗಿವೆ’ ಅಂದರೆ ತಿಳಿಯುತ್ತದೆ.

ಕಾಗದದ ಮೇಲೆ ಕೆಲಸ ಮಾಡುವವರಿಗೆ ಮಲೆನಾಡಿನ ಮಳೆಗಾಲ ಒಂದು ಶತ್ರು. ಥಂಡಿ ಹಿಡಿದ ಹಾಳೆಯ ಮೇಲೆ ಇಂಕು ಹರಡುತ್ತದೆ, ಗೆರೆಯ ಅಂಚು ಒಡೆಯುತ್ತದೆ. ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೇಕಾದಾಗ ಒಂದೊಂದೇ ತೆಗೆಯಿರಿ. ಕೈಯ ಕೆಳಗೆ ಯಾವಾಗಲೂ ಒಂದು ಚೂರು ಬೇರೆ ಕಾಗದ ಇರಲಿ. ಮುಗಿದ ಪುಟವನ್ನು ಅದೇ ದಿನ ಸ್ಕ್ಯಾನ್ ಮಾಡಿಬಿಡಿ.

ವಾಟ್ಸ್ಯಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗಿ ಹಾಳಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಕಪ್ಪು ಬಿಳುಪಿನ ಗೆರೆಚಿತ್ರ 600 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ), ಬಣ್ಣದ್ದು 300 ಡಿಪಿಐ ಇರಲಿ. ಪುಟದ ಅಂಚಿನವರೆಗೂ ಚಿತ್ರ ಇದ್ದರೆ ಸುತ್ತ 3 ಮಿಲಿಮೀಟರ್ ಹೆಚ್ಚು ಬರೆಯಿರಿ, ಕತ್ತರಿಸುವಾಗ ಅದು ಹೋಗುತ್ತದೆ.

ಹೆಜ್ಜೆ 9: ಕನ್ನಡ ಅಕ್ಷರ ಕೂರಿಸುವುದು

ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತವರು ಹೆಚ್ಚು ಕಷ್ಟಪಡುವುದು ಇಲ್ಲಿ. ‘ಹೋಗಬೇಕಾಗಿತ್ತಲ್ಲವಾ’ ಕನ್ನಡದಲ್ಲಿ ಒಂದೇ ಪದ. ಅದನ್ನು ಚಿಕ್ಕ ಗುಂಡು ಬಲೂನಿನಲ್ಲಿ ಹಾಕಿದರೆ ಒಂದೇ ಸಾಲು ಇಡೀ ಅಗಲ ತಿನ್ನುತ್ತದೆ, ಪದ ಮುರಿದರೆ ಓದಲು ಅಸಹ್ಯ. ಬಲೂನನ್ನು ಅಗಲ ಮಾಡಿ, ಮಾತನ್ನು ಗಿಡ್ಡ ಮಾಡಿ. ‘ಹೋಗ್ಬೇಕಿತ್ತು’ ಸಾಕು. ಆಡುಮಾತು ಬರೆದರೆ ಜಾಗವೂ ಉಳಿಯುತ್ತದೆ, ಪಾತ್ರಕ್ಕೂ ಜೀವ ಬರುತ್ತದೆ.

ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಕೂಗುವ ಮಾತಿಗೆ ದೊಡ್ಡಕ್ಷರ ಅನ್ನುವುದು ನಮ್ಮಲ್ಲಿಲ್ಲ. ಗಾತ್ರ ಹೆಚ್ಚಿಸಿ, ದಪ್ಪ ಮಾಡಿ. ವಾಲಿಸಿದ ಕನ್ನಡ ಅಕ್ಷರ ನನಗಂತೂ ಸಹಿಸಲಾಗುವುದಿಲ್ಲ.

ಫಾಂಟಿಗೆ ಯೂನಿಕೋಡ್ ಬಳಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಗೊಜ್ಜಾಗುತ್ತದೆ. ಬಲೂ ತಮ್ಮ, ಅಕಾಯ ಕನಡಕ (Akaya Kanadaka), ಅನೇಕ್ ಕನ್ನಡ ಇಂಥವು ಪುಕ್ಕಟೆ ಸಿಗುತ್ತವೆ, ಅಚ್ಚಿಗೂ ಬಳಸಬಹುದು. ಫೋಟೋಶಾಪಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಗಾಬರಿ ಬೇಡ. ಹಳೆಯ ಆವೃತ್ತಿಯಾದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆ, ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ಇದೆ. ಅದನ್ನು ಹಾಕಿದರೆ ಸರಿಹೋಗುತ್ತದೆ. ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಾಯಿಸಿ.

ಸದ್ದಿನ ಪದಗಳನ್ನು ಮಾತ್ರ ಫಾಂಟಿಗೆ ಬಿಡಬೇಡಿ, ಚಿತ್ರಕಾರರೇ ಕೈಯಲ್ಲಿ ಬರೆಯಲಿ. ಜಿಟಿಜಿಟಿ, ಧೋ, ದಡಬಡ, ಚಟಾರ್, ಪಚಕ್. ಕನ್ನಡದಲ್ಲಿ ಇವಕ್ಕೆ ಕೊರತೆಯೇ ಇಲ್ಲ. ಆಗುಂಬೆಯ ಮಳೆ ‘ಧೋ’ ಅಂತ ಪುಟದ ಮೇಲಿನಿಂದ ಕೆಳಗಿನವರೆಗೆ ಸುರಿಯುವ ಅಕ್ಷರವಾಗಿ ಬಂದರೆ ಅದೇ ಚಿತ್ರ.

ಹೆಜ್ಜೆ 10: ಮನಸ್ತಾಪ ಬಂದಾಗ

ಬರುತ್ತದೆ. ಒಂದು ನಿಯಮ ಮೊದಲೇ ಮಾಡಿಕೊಳ್ಳಿ: ಇಬ್ಬರೂ ಒಪ್ಪದಿದ್ದರೆ ಮಾತಿನ ಬಗ್ಗೆ ಬರಹಗಾರರದ್ದು, ಚಿತ್ರದ ಬಗ್ಗೆ ಚಿತ್ರಕಾರರದ್ದು ಕೊನೆಯ ತೀರ್ಮಾನ. ಕಥೆಯ ತಿರುವಿನ ಬಗ್ಗೆ ಆದರೆ ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರಿಗೆ ಥಂಬ್‌ನೇಲ್ ತೋರಿಸಿ. ಏನೂ ವಿವರಿಸದೆ ತೋರಿಸಿ, ಅವರು ಎಲ್ಲಿ ತಡೆಯುತ್ತಾರೆ ನೋಡಿ. ಬೈಗುಳ ಮೆಸೇಜಿನಲ್ಲಿ ಬರೆಯಬೇಡಿ. ಫೋನ್ ಮಾಡಿ, ಇಲ್ಲಾ ಹೋಗಿ ಬನ್ನಿ.

ಹೆಜ್ಜೆ 11: ಅಚ್ಚು ಮತ್ತು ಲೆಕ್ಕ

ಮೊದಲು ಒಂದೇ ಪ್ರತಿ ಡಿಜಿಟಲ್ ಪ್ರಿಂಟ್ ತೆಗೆಸಿ. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಎದ್ದು ಕಾಣುತ್ತದೆ. ಇಬ್ಬರೂ ಬೇರೆ ಬೇರೆ ಕೂತು ಗುರುತು ಹಾಕಿ, ಆಮೇಲೆ ಸೇರಿಸಿ. ಪ್ರತಿ ಕಡಿಮೆ ಬೇಕಿದ್ದರೆ ಡಿಜಿಟಲ್ಲೇ ಸಾಕು, ನೂರಾರು ಪ್ರತಿಗೆ ಆಫ್‌ಸೆಟ್ ಅಗ್ಗ ಬೀಳುತ್ತದೆ. ಮೊಬೈಲಿನಲ್ಲಿ ಓದಿಸುವುದಾದರೆ ಮೇಲಿನಿಂದ ಕೆಳಗೆ ಜಾರುವ ಉದ್ದ ಪಟ್ಟಿಯಾಗಿ ಚೌಕಗಳನ್ನು ಮತ್ತೆ ಜೋಡಿಸಬೇಕು. ಆಗ ಪುಟ ತಿರುಗುವ ಆಟ ಇರುವುದಿಲ್ಲ. ಅಜ್ಜಿಯ ಬೆರಳಿನ ಕೆಳಗೆ ಉದ್ದಕ್ಕೆ ಖಾಲಿ ನೀರು ಬಿಟ್ಟು, ಆಮೇಲೆ ತುಳಸಿಕಟ್ಟೆ ತೋರಿಸಬಹುದು. ಈ ಜೋಡಣೆಯೂ ಚಿತ್ರಕಾರರ ಕೆಲಸ, ಇದಕ್ಕೂ ದುಡ್ಡು ಸೇರಿಸಿ.

ಮಾರಿದ ಪ್ರತಿ, ಪುಕ್ಕಟೆ ಕೊಟ್ಟ ಪ್ರತಿ, ಉಳಿದ ಪ್ರತಿ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಬ್ಬರಿಗೂ ಕಾಣುವ ಶೀಟಿನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಪಾಲು ಕೊಟ್ಟುಬಿಡಿ, ನೂರು ರೂಪಾಯಿ ಆದರೂ ಸರಿ. ಎರಡನೇ ಕಥೆ ಶುರುಮಾಡುವ ಮೊದಲು ಹೆಜ್ಜೆ 3ರ ಹಾಳೆ ತೆಗೆದು ಇಬ್ಬರೂ ಓದಿ. ಪುಟದ ದರ, ತಿದ್ದುವ ಲೆಕ್ಕ, ಗಡುವು ಈ ಮೂರನ್ನು ಈಗ ಗೊತ್ತಾದದ್ದಕ್ಕೆ ತಕ್ಕ ಹಾಗೆ ಬದಲಾಯಿಸಿ, ಮತ್ತೆ ಸಹಿ ಹಾಕಿ.